ಬೇರು ಶುಚಿ ಮಾಡುವಾಗ ಲೂಪ್ (ವರ್ಧಕ ಮಸೂರದ ಕನ್ನಡಕ) ಧರಿಸಿದರೆ ಪಾಕೆಟ್ ನಿಜವಾಗಿಯೂ ಇಳಿಯುತ್ತದೆಯೇ?

ಪ್ರಶ್ನೆ: ವಿಜಯನಗರದ ದಂತವೈದ್ಯೆ

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ಒಂದೇ ಕುರ್ಚಿಯ ಸಣ್ಣ ಕ್ಲಿನಿಕ್ ನಡೆಸುತ್ತಿರುವ ಬಿ.ಡಿ.ಎಸ್. ವೈದ್ಯೆ ನಾನು. ಹನ್ನೊಂದು ವರ್ಷಗಳಿಂದ ಸ್ಕೇಲಿಂಗ್ (ಹಲ್ಲಿಗೆ ಕಟ್ಟಿದ ಗಾರೆ ತೆಗೆಯುವುದು) ಮತ್ತು ರೂಟ್ ಪ್ಲೇನಿಂಗ್ (ಬೇರಿನ ಮೈಯನ್ನು ಕೆರೆದು ನುಣುಪು ಮಾಡುವುದು) ಎರಡನ್ನೂ ಬರಿಗಣ್ಣಿನಲ್ಲೇ ಮಾಡಿಕೊಂಡು ಬಂದಿದ್ದೇನೆ; ತಕ್ಕಮಟ್ಟಿಗೆ ಚೆನ್ನಾಗಿಯೇ ಮಾಡುತ್ತೇನೆಂಬ ನಂಬಿಕೆಯೂ ಇತ್ತು. ಆ ನಂಬಿಕೆ ಕಳೆದ ತಿಂಗಳು ಸ್ವಲ್ಪ ಅಲುಗಾಡಿತು.

ವೈದ್ಯರಲ್ಲದವರು ಇದನ್ನು ಓದುತ್ತಿದ್ದರೆ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಕೇಳುತ್ತಿರುವುದು ಹಲ್ಲಿನ ಒಳಗಿನ ನರವನ್ನು ತೆಗೆಯುವ ರೂಟ್ ಕೆನಾಲ್ ಚಿಕಿತ್ಸೆಯ ಬಗ್ಗೆ ಅಲ್ಲ. ವಸಡು ಹಲ್ಲಿನಿಂದ ಬಿಟ್ಟುಕೊಂಡು ಪಾಕೆಟ್ ಆದಾಗ ಅದರೊಳಗೆ ಬೇರಿನ ಹೊರಮೈಗೆ ಅಂಟಿ ಕೂರುವ ಗಾರೆಯನ್ನು, ಅಂದರೆ ಕ್ಯಾಲ್ಕುಲಸ್ಸನ್ನು, ತೆಗೆಯುವ ಕೆಲಸದ ಬಗ್ಗೆ ಕೇಳುತ್ತಿದ್ದೇನೆ.

ನನ್ನ ರೋಗಿಗೆ ನಲವತ್ತೆಂಟು ವರ್ಷ. ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತದೆಂದು ಬಂದರು. ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳ ಸುತ್ತ 5ರಿಂದ 6 ಮಿ.ಮೀ. ಪಾಕೆಟ್‌ಗಳಿದ್ದವು. ಅರಿವಳಿಕೆ ಕೊಟ್ಟು ಎರಡು ಭೇಟಿಗಳಲ್ಲಿ ಅಲ್ಟ್ರಾಸಾನಿಕ್ ಯಂತ್ರ ಮತ್ತು ಗ್ರೇಸಿ ಕ್ಯೂರೆಟ್‌ಗಳಿಂದ (ಬೇರು ಕೆರೆಯುವ ಕೈ ಉಪಕರಣಗಳಿಂದ) ಕೆಲಸ ಮುಗಿಸಿದೆ. ಆರು ವಾರಗಳ ನಂತರ ಅಳೆದಾಗ ಬಹುತೇಕ ಜಾಗಗಳು 3ಕ್ಕೆ ಇಳಿದಿದ್ದವು; ರೋಗಿಗೂ ಸಂತೋಷ, ನನಗೂ ಸಂತೋಷ. ಆದರೆ ಎರಡು ಜಾಗಗಳು ಮಾತ್ರ ಹಟ ಹಿಡಿದಿದ್ದವು. ಮೇಲಿನ ಬಲ ಮೊದಲ ಪ್ರೀಮೋಲಾರ್‌ನ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲಿನ) ಮುಂಬದಿಯಲ್ಲಿ 6 ಮಿ.ಮೀ. ಹಾಗೇ ಉಳಿದಿತ್ತು, ಆಳ ಅಳೆಯುವ ಕಡ್ಡಿಯಾದ ಪ್ರೋಬ್ ತಾಕಿದೊಡನೆ ರಕ್ತ ಬಂತು. ಕೆಳಗಿನ ಎಡ ಮೊದಲ ಮೋಲಾರ್‌ನ (ದೊಡ್ಡ ದವಡೆಹಲ್ಲಿನ) ಕೆನ್ನೆಯ ಬದಿಯಲ್ಲಿ, ಬೇರುಗಳು ಕವಲೊಡೆಯುವ ಜಾಗದಲ್ಲಿ, 5 ಮಿ.ಮೀ.

ನನ್ನನ್ನು ಕಾಡಿದ್ದು ಇದರ ಮುಂದಿನದು. ಅಂದು ವಿದ್ಯುತ್ ಹೋಗಿ ಕುರ್ಚಿಯ ದೀಪ ಆರಿತ್ತು. ಯುಪಿಎಸ್ ಮೇಲೆ ಕಂಪ್ರೆಸರ್ ಓಡದಿದ್ದರೂ ಅದರ ಟ್ಯಾಂಕಿನಲ್ಲಿ ಉಳಿದಿದ್ದ ಗಾಳಿ ಸಿರಿಂಜಿಗೆ ಸಾಕಾಗುತ್ತಿತ್ತು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ರೋಗಿಯ ಬಾಯಿಗೆ ಬೀಳುತ್ತಿತ್ತು. ಆ ಪ್ರೀಮೋಲಾರ್‌ನ ಪಕ್ಕ ಗಾಳಿ ಊದಿದಾಗ ವಸಡಿನ ಅಂಚು ಒಂದು ಕ್ಷಣ ಸರಿದು, ಒಳಗೆ ಕಪ್ಪು ದಾರದಂತಹ ಗೆರೆ ಕಾಣಿಸಿತು. ಎರಡು ಭೇಟಿಗಳಲ್ಲಿ ನಾನು ಕಾಣದ ಗಾರೆ ಅದು.

ಇದೇ ಸಮಯಕ್ಕೆ ಸರಿಯಾಗಿ ಒಬ್ಬ ಡೀಲರ್ ಮೂರು ಜೊತೆ ಲೂಪ್ ಹಿಡಿದು ಬಂದಿದ್ದಾರೆ. ಇದನ್ನು ಧರಿಸಿ ಕೆಲಸ ಮಾಡಿದರೆ ಪಾಕೆಟ್‌ಗಳು ತಾವಾಗಿ ಇಳಿಯುತ್ತವೆ ಎಂಬುದು ಅವರ ಮಾತು. ಕೆಲವು ಸಾವಿರದಿಂದ ಲಕ್ಷ ದಾಟುವವರೆಗೆ ಬೆಲೆ ಇದೆ. ನನ್ನ ಪ್ರಶ್ನೆ ಸರಳವಾದದ್ದು. ನನಗೆ ಕೊರತೆಯಾಗಿದ್ದು ಕಣ್ಣೋ, ಬೆಳಕೋ, ಕೈಯೋ? ಲೂಪ್ ಕೊಂಡರೆ ವ್ಯತ್ಯಾಸ ಕಾಣುವುದು ಪ್ರೋಬ್‌ನ ಅಳತೆಯಲ್ಲೋ ಅಥವಾ ಕೆಲಸ ಅಚ್ಚುಕಟ್ಟಾಯಿತೆಂಬ ನನ್ನ ಸಮಾಧಾನದಲ್ಲೋ?


ಉತ್ತರ 1: ಜಯನಗರದ ವಸಡು ತಜ್ಞರು

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಅಂದು ನಿಮಗೆ ಆ ಗೆರೆ ಕಾಣಿಸಿದ್ದು ಯಾವ ವರ್ಧನೆಯಿಂದಲೂ ಅಲ್ಲ; ನೇರವಾಗಿ ಬಿದ್ದ ಬೆಳಕಿನಿಂದ ಮತ್ತು ಒಣಗಿದ ಮೇಲ್ಮೈಯಿಂದ. ಗಾರೆಯ ಮೇಲೆ ಎಂಜಲಿನ ಪೊರೆ ಇರುವವರೆಗೆ ಅದು ಹಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ. ವಸಡಿನ ಮೇಲಿನ ಗಾರೆಯನ್ನು ಒಣಗಿಸಿದರೆ ಸುಣ್ಣದಂತೆ ಬೆಳ್ಳಗೆ ಎದ್ದು ಕಾಣುತ್ತದೆ. ವಸಡಿನ ಕೆಳಗಿನದು ಕಂದು ಅಥವಾ ಹಸಿರುಗಪ್ಪು. ಆದ್ದರಿಂದ ನಾಳೆಯೇ ಖರ್ಚಿಲ್ಲದೆ ಮಾಡಬಹುದಾದ ಕೆಲಸವೆಂದರೆ ಹತ್ತಿ ಇಟ್ಟು, ಗಾಳಿ ಊದಿ, ದೀಪವನ್ನು ಸರಿಯಾದ ಕೋನಕ್ಕೆ ತಿರುಗಿಸಿ ನೋಡುವುದು. ಇದನ್ನು ಪ್ರತಿ ಹಲ್ಲಿಗೂ ಮಾಡುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ ಎಂಬುದು ಬೇರೆ ಮಾತು.

ಲೂಪ್ ಇದಕ್ಕೆ ಏನನ್ನು ಸೇರಿಸುತ್ತದೆ? ಬರಿಗಣ್ಣು ಒಂದಕ್ಕೊಂದು ತೀರಾ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅವುಗಳ ನಡುವೆ ಸುಮಾರು 0.2 ಮಿ.ಮೀ. ಅಂತರ ಬೇಕೆನ್ನುತ್ತಾರೆ. ಎರಡು ಪಟ್ಟು ವರ್ಧನೆಯಲ್ಲಿ ಅದು 0.1 ಮಿ.ಮೀ.ಗೆ ಇಳಿಯುತ್ತದೆ. ವಸಡಿನ ಅಂಚಿನಲ್ಲಿ ಉಳಿದ ಗಾರೆಯ ತೆಳುವಾದ ಪದರ, ಬೇರಿನ ಹೊದಿಕೆಯಾದ ಸಿಮೆಂಟಮ್ ಮತ್ತು ಹಲ್ಲಿನ ಹೊರಕವಚವಾದ ಎನಾಮಲ್ ಸೇರುವ ಗೆರೆ, ಮೇಲಿನ ಪಕ್ಕದ ಬಾಚಿಹಲ್ಲಿನ ಅಂಗುಳಿನ ಕಡೆ ಬೇರಿನವರೆಗೂ ಇಳಿಯುವ ಸೀಳು, ಕವಲಿನ ಕಡೆಗೆ ಚಾಚಿದ ಎನಾಮಲ್‌ನ ಚೂಪು, ಇವೆಲ್ಲ ಆ ಅಳತೆಯ ಲೋಕಕ್ಕೆ ಸೇರಿದವು. ಅಂಗುಳಿನ ಸೀಳನ್ನು ಗಮನಿಸದೆ ವರ್ಷಗಟ್ಟಲೆ ಅದೇ ಪಾಕೆಟ್ಟನ್ನು ಕೆರೆದ ಪ್ರಕರಣಗಳು ನನ್ನ ಬಳಿ ಬಂದಿವೆ. ಲೂಪ್ ಹಾಕಿಕೊಂಡು ಮೊದಲ ಭೇಟಿಯಲ್ಲಿ ಹತ್ತು ನಿಮಿಷ ನೋಡಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು.

ಆದರೆ ಡೀಲರ್ ಹೇಳದ ಮಾತೊಂದಿದೆ. ಲೂಪ್‌ಗೆ ವಸಡಿನ ಆಚೆಗೆ ತೂರಿ ನೋಡುವ ಶಕ್ತಿಯಿಲ್ಲ. ಗಾಳಿ ಊದಿ ಅಂಚನ್ನು ಸರಿಸಿದರೆ ಎರಡು, ಹೆಚ್ಚೆಂದರೆ ಮೂರು ಮಿ.ಮೀ. ಆಳದವರೆಗೆ ಇಣುಕಬಹುದು. ಅಲ್ಲಿಂದ ಕೆಳಗೆ ನಿಮ್ಮ ಬೆರಳ ತುದಿಯೇ ಕಣ್ಣು. ಮುಚ್ಚಿದ ಪಾಕೆಟ್‌ನಲ್ಲಿ ಕ್ಯೂರೆಟ್ ಬೇರನ್ನು ಪೂರ್ತಿ ಶುಚಿ ಮಾಡುವ ಆಳ ಸರಾಸರಿ 3.73 ಮಿ.ಮೀ. ಮಾತ್ರ ಎಂದು 1981ರಲ್ಲೇ ಸ್ಟ್ಯಾಂಬೋ ಮತ್ತು ಸಂಗಡಿಗರು ತೋರಿಸಿದ್ದರು. 1990ರಲ್ಲಿ ಶರ್ಮನ್ ಮತ್ತಿತರರು ಪ್ರಕಟಿಸಿದ ಅಧ್ಯಯನವನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಶುಚಿಗೊಳಿಸಿದ ಹಲ್ಲುಗಳನ್ನು ಕಿತ್ತ ಮೇಲೆ ಸೂಕ್ಷ್ಮದರ್ಶಕದಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮೇಲ್ಮೈಗಳಲ್ಲಿ ಗಾರೆ ಉಳಿದಿತ್ತು. ಹಾಗೆ ಉಳಿದಿದ್ದ ಮೇಲ್ಮೈಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು, ಹಲ್ಲು ಬಾಯಲ್ಲಿದ್ದಾಗ ಪರೀಕ್ಷಿಸಿದವರು ಶುಚಿಯಾಗಿದೆ ಎಂದೇ ಬರೆದಿದ್ದರು. ನುರಿತ ಕೈಗಳಿಗೂ ಹೀಗಾಗುತ್ತದೆ. ಹಾಗಾಗಿ ನೀವು ನೊಂದುಕೊಳ್ಳಬೇಕಾಗಿಲ್ಲ.

ಇನ್ನು ನಿಮ್ಮ ಆ ಎರಡು ಜಾಗಗಳು. ಇವು ಆಕಸ್ಮಿಕವಾಗಿ ಉಳಿದವಲ್ಲ. ಮೇಲಿನ ಮೊದಲ ಪ್ರೀಮೋಲಾರ್‌ನ ಮುಂಬದಿ ಸಪಾಟಾಗಿಲ್ಲ. ಹಲ್ಲಿನ ಕುತ್ತಿಗೆಯಲ್ಲಿ ಶುರುವಾದ ತಗ್ಗು ಬೇರಿನ ಉದ್ದಕ್ಕೂ ದೋಣಿಯಂತೆ ಇಳಿಯುತ್ತದೆ. ಗ್ರೇಸಿ ಕ್ಯೂರೆಟ್‌ನ ಅಲಗನ್ನು ಅಲ್ಲಿ ಅಡ್ಡಡ್ಡ ಎಳೆದರೆ ಅದು ಎರಡು ದಂಡೆಗಳ ಮೇಲೆ ಸೇತುವೆಯಂತೆ ಕೂರುತ್ತದೆ, ನಡುವಿನ ತಗ್ಗನ್ನು ಮುಟ್ಟುವುದೇ ಇಲ್ಲ. ಕೈಗೆ ಮಾತ್ರ ನುಣುಪಾದಂತೆ ಭಾಸವಾಗುತ್ತದೆ, ಏಕೆಂದರೆ ದಂಡೆಗಳು ನುಣುಪಾಗಿವೆ. ಅಲ್ಲಿ ಅರ್ಧ ಉದ್ದದ ಅಲಗಿರುವ ಮಿನಿ ಕ್ಯೂರೆಟ್ಟನ್ನು, ತುದಿ ಬೇರಿನ ತಳದ ಕಡೆಗಿರುವಂತೆ ಇಳಿಸಿ, ನೇರ ಮೇಲಕ್ಕೆ ಸಣ್ಣ ಸಣ್ಣ ಎಳೆತಗಳಲ್ಲಿ ಕೆಲಸ ಮಾಡಬೇಕು. ಇಲ್ಲವೇ ತೆಳು ಅಲ್ಟ್ರಾಸಾನಿಕ್ ತುದಿಯನ್ನು ತಗ್ಗಿನ ಉದ್ದಕ್ಕೆ ಹರಿಸಬೇಕು.

ಮೋಲಾರ್‌ನ ಕವಲಿನ ಕಥೆ ಇನ್ನೂ ಕಠಿಣ. 1979ರಲ್ಲಿ ಬೋವರ್ ಅಳೆದು ನೋಡಿದಾಗ ಮೊದಲ ಮೋಲಾರ್‌ಗಳ ಕವಲಿನ ಬಾಗಿಲುಗಳಲ್ಲಿ ನೂರಕ್ಕೆ 58ರಷ್ಟು 0.75 ಮಿ.ಮೀ. ಅಥವಾ ಅದಕ್ಕಿಂತ ಕಿರಿದಾಗಿದ್ದವು. ನಮ್ಮ ಕ್ಯೂರೆಟ್‌ಗಳ ಅಲಗಿನ ಅಗಲವೇ 0.75ರಿಂದ 1.10 ಮಿ.ಮೀ. ಬಾಗಿಲಿಗಿಂತ ಅಗಲವಾದ ಪೊರಕೆ ಹಿಡಿದು ಕೋಣೆ ಗುಡಿಸುವುದು ಹೇಗೆ? ಎಂತಹ ಲೂಪ್ ಧರಿಸಿದರೂ ಈ ಲೆಕ್ಕ ಬದಲಾಗದು. ಅಲ್ಲಿ ತೆಳು ತುದಿಯೇ ಬೇಕು, ಅದೂ ಸಾಲದಿದ್ದರೆ ವಸಡನ್ನು ಬಿಡಿಸಿ ಕಣ್ಣಾರೆ ಕಂಡು ಮಾಡಬೇಕು. ಮತ್ತು ವರ್ಧನೆ ತನ್ನ ಪೂರ್ತಿ ಬೆಲೆಯನ್ನು ತೀರಿಸುವುದು ನಿಜವಾಗಿ ಅಲ್ಲೇ: ವಸಡು ತೆರೆದಾಗ, ಬೇರು ಕಣ್ಣೆದುರು ಇದ್ದಾಗ, ಬೆಳಕು ಒಳಗೆ ಬಿದ್ದಾಗ.

ಮುಚ್ಚಿದ ಪಾಕೆಟ್‌ನೊಳಗೇ ನೋಡುವ ಉಪಾಯವೂ ಉಂಟು. ಪೆರಿಯೋಸ್ಕೋಪ್ ಎಂಬ ಎಂಡೋಸ್ಕೋಪ್‌ನ ನಾರು 0.99 ಮಿ.ಮೀ. ದಪ್ಪ, ಅದನ್ನು ಪಾಕೆಟ್‌ಗೆ ಇಳಿಸಿದರೆ ಬೇರಿನ ಮೈ 24ರಿಂದ 48 ಪಟ್ಟು ದೊಡ್ಡದಾಗಿ ಪರದೆಯ ಮೇಲೆ ಕಾಣುತ್ತದೆ. ಅದರಿಂದ ಉಳಿಯುವ ಗಾರೆ ಕಡಿಮೆಯಾಗುತ್ತದೆಂದು ಅಧ್ಯಯನಗಳು ಹೇಳುತ್ತವೆ, ಆದರೆ ಸಮಯ ಹೆಚ್ಚು ಹಿಡಿಯುತ್ತದೆ, ಮತ್ತು ಪಾಕೆಟ್‌ನ ಅಳತೆಯಲ್ಲಿ ಆ ಲಾಭ ಅಷ್ಟೇ ಸ್ಪಷ್ಟವಾಗಿ ಕಂಡುಬಂದಿಲ್ಲ. ಒಂದೇ ಕುರ್ಚಿಯ ಕ್ಲಿನಿಕ್‌ಗೆ ಇದು ಸದ್ಯಕ್ಕೆ ದೂರದ ಮಾತು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ಮಾರ್ಗಸೂಚಿ ಹೊರತಂದಾಗ ಅದಕ್ಕೆ ಆಧಾರವಾಗಿ ಕ್ರೋಡೀಕರಿಸಿದ ಮಾಹಿತಿಯ ಪ್ರಕಾರ, ವಸಡಿನ ಕೆಳಗಿನ ಶುಚಿಯಿಂದ ಆರರಿಂದ ಎಂಟು ತಿಂಗಳಲ್ಲಿ ಪಾಕೆಟ್ ಸರಾಸರಿ 1.7 ಮಿ.ಮೀ. ಇಳಿಯುತ್ತದೆ, ನೂರರಲ್ಲಿ ಸುಮಾರು 74 ಪಾಕೆಟ್‌ಗಳು ಮುಚ್ಚಿಕೊಳ್ಳುತ್ತವೆ. ಸರಿಯಾದ ಉಪಕರಣ, ಒಳ್ಳೆಯ ಕೈ, ರೋಗಿಯ ಬ್ರಷ್ ಇಷ್ಟನ್ನು ಸಾಧಿಸುತ್ತವೆ. ಲೂಪ್‌ನ ಪಾತ್ರವನ್ನು ಹುಡುಕಬೇಕಾದದ್ದು ಉಳಿದ ಕಾಲುಭಾಗದಲ್ಲಿ, ಅದರಲ್ಲೂ ಒಂದು ತುಂಡಿನಲ್ಲಿ ಮಾತ್ರ. ಲೂಪ್ ಧರಿಸಿದ್ದರಿಂದಲೇ ಪಾಕೆಟ್ ಹೆಚ್ಚು ಇಳಿಯಿತೆಂದು ಗಟ್ಟಿಯಾಗಿ ಹೇಳುವಷ್ಟು ಪುರಾವೆ ನಮ್ಮ ಕೈಯಲ್ಲಿಲ್ಲ. ಆದರೂ ನಾನು ಲೂಪ್ ಇಲ್ಲದೆ ಕೆಲಸಕ್ಕೆ ಕೂರುವುದಿಲ್ಲ. ಕಾರಣ ಮೇಲೆ ಹೇಳಿದ ಹತ್ತು ನಿಮಿಷಗಳ ನೋಟ, ಮತ್ತು ನನ್ನ ಕುತ್ತಿಗೆ.


ಉತ್ತರ 2: ರಾಜಾಜಿನಗರದ ದಂತವೈದ್ಯ

ಸರ್ ಹೇಳಿದ್ದಕ್ಕೆ ನನ್ನ ಸಹಮತವಿದೆ. ಮೇಡಂ ಹೇಗೂ ಲೂಪ್ ಕೊಳ್ಳುವವರಿದ್ದಾರೆ ಎಂದು ಭಾವಿಸಿ, ನಾನು ಮಾಡಿದ ತಪ್ಪನ್ನು ಅವರು ಮಾಡದಿರಲೆಂದು ಬರೆಯುತ್ತಿದ್ದೇನೆ.

ಹೆಚ್ಚು ಪಟ್ಟು ಎಂದರೆ ಹೆಚ್ಚು ಒಳ್ಳೆಯದೆಂದು ತಿಳಿದು ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದು 5 ಪಟ್ಟಿನ ಅಗ್ಗದ ಲೂಪ್. ಹಾಕಿಕೊಂಡ ಮೊದಲ ದಿನ ಕಂಡದ್ದು ಒಂದೂವರೆ ಹಲ್ಲು. ರೋಗಿ ಉಗುಳು ನುಂಗಿದರೆ ಸಾಕು, ದೃಶ್ಯ ಕೈಬಿಟ್ಟು ಹೋಗುತ್ತಿತ್ತು. ಪಟ್ಟು ಹೆಚ್ಚಿದಂತೆ ನೋಟದ ವಿಸ್ತಾರ ಕಿರಿದಾಗುತ್ತದೆ, ಮಸುಕಾಗದೆ ಕಾಣುವ ಆಳ ಕಡಿಮೆಯಾಗುತ್ತದೆ, ಕಣ್ಣಿಗೆ ತಲುಪುವ ಬೆಳಕೂ ಕುಗ್ಗುತ್ತದೆ. ಸ್ಕೇಲಿಂಗ್ ಎನ್ನುವುದು ಇಡೀ ಬಾಯಿಯಲ್ಲಿ ಓಡಾಡುವ ಕೆಲಸ, ಅದಕ್ಕೆ 2.5 ಪಟ್ಟಿನ ಗೆಲಿಲಿಯನ್ ಬಗೆಯ (ಪ್ರಿಸ್ಮ್ ಇಲ್ಲದ ಸರಳ ಮಸೂರಗಳ) ಹಗುರವಾದ ಲೂಪ್ ಸಾಕು ಎಂಬುದು ಈಗಿನ ನನ್ನ ಅಭಿಪ್ರಾಯ, 3.5 ಅದರ ಮೇಲಿನ ಗೆರೆ. ಅದಕ್ಕೂ ಮೇಲಿನ ಪಟ್ಟುಗಳಿಗೆ ಪ್ರಿಸ್ಮ್ ಇರುವ ಲೂಪ್‌ಗಳು ಬೇಕಾಗುತ್ತವೆ. ಅವು ಉದ್ದ, ಭಾರ, ದುಬಾರಿ.

ನಗರ್ತಪೇಟೆಯ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜನ್ನು ಕಂಡು, ಅದನ್ನೇ ಬಳಸಬಾರದೇಕೆ ಎಂದು ನನ್ನ ಸ್ನೇಹಿತರೊಬ್ಬರು ಕೇಳಿದ್ದರು. ಪ್ರಶ್ನೆ ತಮಾಷೆಯದಲ್ಲ. ಅಕ್ಕಸಾಲಿಗರು ಒಂದೇ ಕಣ್ಣಿನಿಂದ, ವಸ್ತುವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ನಮಗೆ ಎರಡೂ ಕಣ್ಣಿನ ನೋಟ ಒಂದಾಗಿ ಆಳದ ಅಂದಾಜು ಸಿಗಬೇಕು, ಏಕೆಂದರೆ ಅಲಗು ಎಷ್ಟು ಓರೆಯಾಗಿದೆ ಎಂದು ತಿಳಿಯಬೇಕು. ಜೊತೆಗೆ ರೋಗಿಯ ಮುಖದಿಂದ ದೂರವೂ ಇರಬೇಕು. ಕೆಲಸದ ದೂರ ಎನ್ನುವುದು ಇದನ್ನೇ. ನೀವು ನಿಮ್ಮ ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿ, ತೋಳುಗಳನ್ನು ಮೈಗೆ ಹತ್ತಿರ ಇಟ್ಟು ಕುಳಿತಾಗ ಕಣ್ಣಿನಿಂದ ರೋಗಿಯ ಬಾಯಿಗೆ ಎಷ್ಟು ದೂರ ಬರುತ್ತದೋ ಅದನ್ನು ಟೇಪಿನಲ್ಲಿ ಅಳೆಸಿ ಆ ದೂರಕ್ಕೇ ಲೂಪ್ ಮಾಡಿಸಬೇಕು. ನನ್ನದು 45 ಸೆಂ.ಮೀ. ಬಂತು. ನನ್ನ ಮೊದಲ ಲೂಪ್ 35ಕ್ಕೆ ಇತ್ತು. ಆ ಹತ್ತು ಸೆಂ.ಮೀ.ಗಾಗಿ ನಾನು ಎಂಟು ತಿಂಗಳು ಬಾಗಿ ಕುಳಿತು, ಕೊನೆಗೆ ಫಿಸಿಯೋಥೆರಪಿಗೆ ಹಣ ಕೊಟ್ಟೆ. ಮಸೂರ ಕೆಳಮುಖವಾಗಿ ಎಷ್ಟು ಬಾಗಿದೆ ಎಂಬುದೂ ಅಷ್ಟೇ ಮುಖ್ಯ. ಬಾಗು ಸಾಲದಿದ್ದರೆ ಕಣ್ಣಿನ ಬದಲು ಕುತ್ತಿಗೆ ಬಾಗುತ್ತದೆ.

ಹಣ ಉಳಿಸಲೇಬೇಕಿದ್ದರೆ ಮಸೂರದಲ್ಲಿ ಉಳಿಸಿ, ದೀಪದಲ್ಲಿ ಬೇಡ. ನೋಟದ ದಿಕ್ಕಿನಲ್ಲೇ ಬೀಳುವ ಹಣೆದೀಪ ನೆರಳು ಮಾಡುವುದಿಲ್ಲ. ಮೇಡಂ ಅವರ ಕಿಟಕಿಯ ಬಿಸಿಲು ಅಂದು ಮಾಡಿದ್ದನ್ನು ಅದು ಪ್ರತಿದಿನ ಮಾಡುತ್ತದೆ. ದೀಪದ ಸ್ವಿಚ್ಚನ್ನು ಗ್ಲೌಸ್ ಹಾಕಿದ ಕೈಯಲ್ಲಿ ಮುಟ್ಟುವ ಚಾಳಿ ಮಾತ್ರ ಮೊದಲ ವಾರವೇ ಬಿಡಬೇಕು.

ಅಭ್ಯಾಸಕ್ಕೆ ಎರಡು ಮೂರು ವಾರ ಬೇಕು. ಮೊದಲ ದಿನಗಳಲ್ಲಿ ಕೈ ಎಲ್ಲಿದೆ, ಉಪಕರಣ ಎಲ್ಲಿದೆ ಎಂದು ಗೊಂದಲವಾಗುತ್ತದೆ, ತಲೆ ಸುತ್ತಿದಂತೆಯೂ ಆಗಬಹುದು. ರೋಗಿಯ ಮೇಲೆ ಪ್ರಯೋಗಿಸುವ ಮುನ್ನ ಕಿತ್ತ ಹಲ್ಲಿನ ಮೇಲೆ ಅಭ್ಯಾಸ ಮಾಡಿ.


ಉತ್ತರ 3: ವಸಡು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ

ಹಿರಿಯರ ನಡುವೆ ಮಾತಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಬೇಕು. ಕಿತ್ತ ಹಲ್ಲಿನ ಮಾತು ಬಂದದ್ದರಿಂದ ನನ್ನದೊಂದು ಅನುಭವ.

ಮೊದಲ ವರ್ಷದಲ್ಲಿ ನಮಗೆ ಒಂದು ಅಭ್ಯಾಸ ಕೊಟ್ಟಿದ್ದರು. ಕಿತ್ತ ಹಲ್ಲುಗಳ ಬೇರಿಗೆ ಗಾಢ ಬಣ್ಣದ ಉಗುರುಬಣ್ಣ ಬಳಿದು ಒಣಗಿಸಿ, ಪ್ಲಾಸ್ಟರ್‌ನಲ್ಲಿ ಸಾಲಾಗಿ ನಿಲ್ಲಿಸಿ, ಸುತ್ತ ರಬ್ಬರಿನಂತಹ ವಸಡು ಹಚ್ಚಿ, ಅದರೊಳಗೆ ಕ್ಯೂರೆಟ್ ತೂರಿಸಿ ಬಣ್ಣ ತೆಗೆಯಬೇಕು. ಒಂದು ಸಾಲನ್ನು ಬರಿಗಣ್ಣಿನಲ್ಲಿ, ಇನ್ನೊಂದನ್ನು ಲೂಪ್ ಹಾಕಿ ಮಾಡಿದೆ. ಎರಡನ್ನೂ ಬಿಚ್ಚಿ ವಿಭಾಗದ ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಮುಖ ಸಣ್ಣದಾಯಿತು. ವಸಡಿನ ಅಂಚಿನ ಹತ್ತಿರ ಲೂಪ್‌ನ ಸಾಲು ಕಣ್ಣಿಗೆ ಕಾಣುವಷ್ಟು ಚೆನ್ನಾಗಿತ್ತು. ಆಳದಲ್ಲಿ, ತಗ್ಗುಗಳಲ್ಲಿ, ಎರಡೂ ಸಾಲುಗಳು ಅಕ್ಕತಂಗಿಯರಂತೆ ಒಂದೇ ಥರ ಇದ್ದವು; ಕೆಂಪು ಪಟ್ಟಿಗಳು ಉಳಿದಿದ್ದದ್ದು ಅದೇ ಜಾಗಗಳಲ್ಲಿ. ಸರ್ ಹೇಳಿದ ಮಾತನ್ನು ನಾನು ಹೀಗೆ ಕಲಿತೆ.

ಆದರೆ ಮೈಕ್ರೋಸ್ಕೋಪ್ ಅಂದು ಇನ್ನೊಂದನ್ನೂ ತೋರಿಸಿತು. ನಮ್ಮ ಅಧ್ಯಾಪಕಿ ಕುತೂಹಲದಿಂದ ನನ್ನ ಕ್ಯೂರೆಟ್ಟನ್ನೇ ಅದರ ಕೆಳಗೆ ಇಟ್ಟರು. ಹರಿತವಾದ ಅಂಚು ಎಂದರೆ ಎರಡು ಮೈಗಳು ಸೇರುವ ಗೆರೆ, ಅದಕ್ಕೆ ಅಗಲವಿಲ್ಲ, ಆದ್ದರಿಂದ ಅದು ಬೆಳಕನ್ನು ಹಿಂದಿರುಗಿಸುವುದಿಲ್ಲ. ನನ್ನ ಅಲಗಿನ ಅಂಚು ಬೆಳ್ಳಿಯ ದಾರದಂತೆ ಥಳಥಳ ಹೊಳೆಯುತ್ತಿತ್ತು; ಅಂದರೆ ಅಂಚು ದುಂಡಾಗಿ ಮೊಂಡಾಗಿತ್ತು. ಮೊಂಡು ಅಲಗು ಗಾರೆಯನ್ನು ಕಡಿದು ಕೀಳುವುದಿಲ್ಲ, ಅದರ ಮೇಲ್ಮೈಯನ್ನು ಸವರಿ ನುಣುಪು ಮಾಡುತ್ತದೆ. ಹಾಗೆ ನುಣುಪಾದ ಗಾರೆಯ ಮೇಲೆ ಎಕ್ಸ್‌ಪ್ಲೋರರ್ (ತಡವಿ ನೋಡುವ ಚೂಪು ಕಡ್ಡಿ) ಹರಿಸಿದರೆ ಬೇರಿನಂತೆಯೇ ಅನ್ನಿಸುತ್ತದೆ. ಈಗ ನಾನು ಲೂಪ್ ಹಾಕಿಕೊಂಡ ಕೂಡಲೇ ಮೊದಲು ನೋಡುವುದು ರೋಗಿಯ ಬಾಯಿಯನ್ನಲ್ಲ, ಟ್ರೇನಲ್ಲಿರುವ ಅಲಗುಗಳನ್ನು. ಹೊಳೆಯುತ್ತಿದ್ದರೆ ಕಲ್ಲಿಗೆ ಹೋಗುತ್ತವೆ. ಅಕ್ರಿಲಿಕ್ ಕಡ್ಡಿಯ ಮೇಲೆ ಇಟ್ಟಾಗ ಕಚ್ಚಿ ಹಿಡಿದರೆ ಮಾತ್ರ ವಾಪಸ್ಸು ಬರುತ್ತವೆ.

ಅಲ್ಟ್ರಾಸಾನಿಕ್ ತುದಿಗೂ ಇದೇ ಗತಿ. ಒಂದು ಮಿ.ಮೀ. ಸವೆದರೆ ಕಾಲುಭಾಗ ಸಾಮರ್ಥ್ಯ ಹೋಯಿತು, ಎರಡು ಸವೆದರೆ ಅರ್ಧ ಹೋಯಿತು ಎನ್ನುವುದು ತಯಾರಕರೇ ಕೊಡುವ ಲೆಕ್ಕ. ತುದಿ ಸವೆದದ್ದು ಬರಿಗಣ್ಣಿಗೆ ಸುಲಭವಾಗಿ ಗೊತ್ತಾಗದು, ಅಳತೆಯ ಕಾರ್ಡಿನ ಮೇಲಿಟ್ಟು ನೋಡಬೇಕು.

ರೂಟ್ ಕೆನಾಲ್ ಮಾಡುವವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದ್ದಾರೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದಲೇ ಅವರ ಸ್ನಾತಕೋತ್ತರ ಶಿಕ್ಷಣದಲ್ಲಿ ಮೈಕ್ರೋಸ್ಕೋಪ್ ಕಡ್ಡಾಯ. ನಮ್ಮ ಪಾಕೆಟ್‌ಗೂ ಅವರ ನಾಲೆಗೂ ಇರುವ ವ್ಯತ್ಯಾಸವೇ ಅದಕ್ಕೆ ಕಾರಣವೆಂದು ನನಗನ್ನಿಸುತ್ತದೆ: ಹಲ್ಲಿನ ಛಾವಣಿ ತೆಗೆದ ಮೇಲೆ ಅವರ ನೋಟಕ್ಕೆ ನೇರ ದಾರಿಯಿದೆ, ನಮ್ಮದರ ಮೇಲೆ ವಸಡಿನ ಪರದೆ ಇದೆ.


ಉತ್ತರ 4: ಮಲ್ಲೇಶ್ವರದ ಓದುಗರು, ನಿವೃತ್ತ ಬ್ಯಾಂಕ್ ನೌಕರ

ವೈದ್ಯರೆಲ್ಲರಿಗೂ ನಮಸ್ಕಾರ. ನಾನು ಕುರ್ಚಿಯ ಇನ್ನೊಂದು ಬದಿಯವನು. ಮೊದಲು ನಾನು ಹೋಗುತ್ತಿದ್ದ ಕ್ಲಿನಿಕ್ ಒಂದರಲ್ಲಿ ಪ್ರತಿ ವರ್ಷ ಇಪ್ಪತ್ತು ನಿಮಿಷ ಯಂತ್ರ ಆಡಿಸಿ, ಹಲ್ಲು ಬೆಳ್ಳಗಾಯಿತೆಂದು ಕನ್ನಡಿ ಹಿಡಿದು ತೋರಿಸಿ ಕಳಿಸುತ್ತಿದ್ದರು. ಒಮ್ಮೆಯೂ ವಸಡನ್ನು ಅಳೆದವರಿಲ್ಲ. ಈಗಿನ ವೈದ್ಯೆ ಕನ್ನಡಕದ ಮೇಲೆ ಎರಡು ಸಣ್ಣ ದುರ್ಬೀನು ಕಟ್ಟಿಕೊಂಡು ಮೂರು, ಎರಡು, ಆರು, ರಕ್ತ ಎಂದು ಕೂಗುತ್ತಾರೆ, ಸಹಾಯಕಿ ಬರೆದುಕೊಳ್ಳುತ್ತಾರೆ. ಆರು ಎಂದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ.

ನನ್ನ ಸಂದೇಹ ಎರಡು. ದೊಡ್ಡದಾಗಿ ಕಂಡರೆ ಬೇಕಾದ್ದಕ್ಕಿಂತ ಹೆಚ್ಚು ಕೆರೆದುಬಿಡುವ ಅಪಾಯವಿಲ್ಲವೇ? ಶುಚಿ ಮಾಡಿಸಿಕೊಂಡ ಮೇಲೆ ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿದೆ. ಕೆಳಗಿನ ಮುಂದಿನ ಹಲ್ಲುಗಳು ಸಂದು ಬಿಟ್ಟಂತಾಗಿ ಸ್ವಲ್ಪ ಅಲ್ಲಾಡುತ್ತಲೂ ಇವೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಮನೆಯವರು ಮೊದಲೇ ಎಚ್ಚರಿಸಿದ್ದರು. ಈಗ ಅವರ ಮಾತೇ ಮನೆಯಲ್ಲಿ ಗೆದ್ದಿದೆ.


ಉತ್ತರ 5: ಜಯನಗರದ ವಸಡು ತಜ್ಞರು

ಹಿರಿಯರೇ, ನಿಮ್ಮ ವೈದ್ಯೆ ಅಳತೆಯನ್ನು ಕೂಗಿ ಬರೆಸುತ್ತಿದ್ದಾರೆಂದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಮೂರು ತಿಂಗಳ ಹಿಂದಿನ ಆರು ಇಂದು ನಾಲ್ಕಾಯಿತೋ ಇಲ್ಲವೋ ಎಂಬುದನ್ನು ಆ ಹಾಳೆ ಮಾತ್ರ ಹೇಳಬಲ್ಲದು.

ಅಲ್ಲಾಡುವ ವಿಷಯ. ಹಲ್ಲನ್ನು ಹಿಡಿದಿಡಬೇಕಾದ ಮೂಳೆ ಕರಗಿದ ಮೇಲೆ, ಸಂದುಗಳಲ್ಲಿ ತುಂಬಿಕೊಂಡ ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಬೆಸೆದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಿಗೆ ಬರುತ್ತದೆ. ಊದಿಕೊಂಡಿದ್ದ ವಸಡು ಬತ್ತಿದಾಗ ಸಂದೂ ಕಾಣುತ್ತದೆ. ಊತ ಇಳಿದ ಮೇಲೆ ಹಲ್ಲು ಎಷ್ಟೋ ವೇಳೆ ಸ್ವಲ್ಪ ಬಿಗಿಯಾಗುತ್ತದೆ. ಮನೆಯವರಿಗೆ ಇದನ್ನು ತಿಳಿಸುವ ಹೊಣೆ ನಿಮ್ಮದು. ಗೆಲ್ಲುವ ಭರವಸೆ ಮಾತ್ರ ನಾನು ಕೊಡಲಾರೆ.

ಹೆಚ್ಚು ಕೆರೆಯುವ ಅಪಾಯದ ಬಗ್ಗೆ ನೀವು ಕೇಳಿದ್ದು ಈ ಚರ್ಚೆಯಲ್ಲೇ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ. ಬೇರಿನ ಮೇಲಿನ ಸಿಮೆಂಟಮ್ ಎಂಬ ಹೊದಿಕೆ ಹಲ್ಲಿನ ಕುತ್ತಿಗೆಯ ಬಳಿ 20ರಿಂದ 50 ಮೈಕ್ರಾನ್ ಮಾತ್ರ ದಪ್ಪ. ಹಿಂದೆ ನಾವು ಕಲಿತಾಗ ಬೇರು ಗಾಜಿನಂತೆ ಗಟ್ಟಿಯಾಗಿ, ನುಣುಪಾಗಿ ಕೀರಲು ದನಿ ಬರುವವರೆಗೆ ಕೆರೆಯಬೇಕಿತ್ತು, ಏಕೆಂದರೆ ವಿಷ ಸಿಮೆಂಟಮ್‌ನ ಒಳಕ್ಕೆ ಇಳಿದಿದೆ ಎಂಬ ನಂಬಿಕೆಯಿತ್ತು. 1986ರಲ್ಲಿ ಮೂರ್ ಮತ್ತು ಸಂಗಡಿಗರು ರೋಗವಿದ್ದ ಬೇರುಗಳನ್ನು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾದ ವಿಷಾಂಶದಲ್ಲಿ ನೂರಕ್ಕೆ 39ರಷ್ಟು ಬರೀ ತೊಳೆದರೆ, ಇನ್ನೊಂದು 60ರಷ್ಟು ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆಂದು ಕಂಡುಬಂತು. ಅಂದರೆ ಅದು ಮೇಲ್ಮೈಯಲ್ಲೇ ಸಡಿಲವಾಗಿ ಕೂತಿತ್ತು. ಗಾರೆ ಹೋದ ಮೇಲೂ ಕೆರೆಯುತ್ತಾ ಹೋದರೆ ಸಿಮೆಂಟಮ್ ಹೋಗಿ ಅದರ ಕೆಳಗಿನ ಪದರವಾದ ಡೆಂಟಿನ್ ಬಯಲಾಗುತ್ತದೆ, ತಣ್ಣೀರು ಜುಮ್ಮೆನ್ನುವುದು ಆಗ. ಇಲ್ಲಿ ಲೂಪ್ ಎರಡೂ ಕಡೆ ಎಳೆಯಬಲ್ಲದು. ಬಣ್ಣಗಟ್ಟಿದ ಬೇರನ್ನು ಗಾರೆಯೆಂದು ಭ್ರಮಿಸಿ, ಎಲೆ ಅಡಿಕೆಯ ಕಲೆಯನ್ನು ಕೂಡ ಬಿಡದೆ ಕೆರೆದವರನ್ನು ನೋಡಿದ್ದೇನೆ. ಸರಿಯಾಗಿ ಬಳಸಿದರೆ, ಎಲ್ಲಿ ಗಾರೆ ಮುಗಿದು ಬೇರು ಶುರುವಾಯಿತೆಂದು ತೋರಿಸಿ ಕೈಯನ್ನು ತಡೆಯುವುದೂ ಅದೇ. ನಿಮ್ಮ ಜುಮ್ಮು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನೆರವಾಗುತ್ತದೆ. ಕಡಿಮೆಯಾಗದಿದ್ದರೆ ನಿಮ್ಮ ವೈದ್ಯೆಗೆ ತೋರಿಸಿ.

ಮೇಡಂಗೆ ಇನ್ನೊಂದು ಮಾತು ಬಿಟ್ಟುಹೋಗಿತ್ತು. ಊದಿದ ವಸಡಿನ ರೋಗಿಯಲ್ಲಿ ಮೊದಲ ದಿನವೇ ಆಳಕ್ಕೆ ಇಳಿದರೆ ಲೂಪ್‌ನಲ್ಲಿ ಕಾಣುವುದು ಎರಡೂವರೆ ಪಟ್ಟು ದೊಡ್ಡದಾದ ರಕ್ತ. ಮೊದಲು ಮೇಲಿನ ಗಾರೆ ತೆಗೆದು, ಸಂದಿನ ಬ್ರಷ್ ಕಲಿಸಿ, ಒಂದೆರಡು ವಾರ ಬಿಟ್ಟು ಬೇರಿಗೆ ಕೈ ಹಾಕಿ. ಮತ್ತೆ ಶುಚಿಗೊಳಿಸಿದ ಪಾಕೆಟ್ಟನ್ನು ನಾಲ್ಕು ವಾರಗಳಿಗೆ ಮುಂಚೆ ಪ್ರೋಬ್‌ನಿಂದ ಕೆದಕಬೇಡಿ. ಒಳಗೆ ವಸಡು ಬೇರಿಗೆ ಮತ್ತೆ ಅಂಟಿಕೊಳ್ಳಲು ಅಷ್ಟು ಸಮಯ ಬಿಡಬೇಕು.


ಪ್ರಶ್ನೆ ಕೇಳಿದವರಿಂದ, ಎರಡೂವರೆ ತಿಂಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಲೂಪ್ ಕೊಳ್ಳುವ ಮುನ್ನ ಗೆಳತಿಯೊಬ್ಬಳ 2.5 ಪಟ್ಟಿನ ಲೂಪ್ ಮತ್ತು ಹಣೆದೀಪವನ್ನು ಎರಡು ವಾರ ಎರವಲು ಪಡೆದೆ. ಮೊದಲು ನೋಡಿದ್ದು ನನ್ನ ಟ್ರೇ. ಹನ್ನೆರಡು ಕ್ಯೂರೆಟ್‌ಗಳಲ್ಲಿ ಒಂಬತ್ತು ಹೊಳೆಯುತ್ತಿದ್ದವು. ಎರಡಂತೂ ಹರಿತ ಮಾಡಿ ಮಾಡಿ ಅಲಗೇ ಸೂಜಿಯಾಗಿತ್ತು, ಅವನ್ನು ಎಸೆದೆ. ಕಲ್ಲು ಹಿಡಿದು ಕೂತ ಆ ಭಾನುವಾರ ನನ್ನ ಕಾಲೇಜಿನ ದಿನಗಳ ನಂತರ ಮೊದಲನೆಯದು.

ಅರಿವಳಿಕೆ ಕೊಟ್ಟು ಆ ಎರಡು ಜಾಗಗಳನ್ನು ಮತ್ತೆ ಮಾಡಿದೆ. ಪ್ರೀಮೋಲಾರ್‌ನಲ್ಲಿ ಸರ್ ಹೇಳಿದಂತೆ ಮಿನಿ ಕ್ಯೂರೆಟ್ಟನ್ನು ನೇರವಾಗಿ ಇಳಿಸಿ ಮೇಲಕ್ಕೆ ಎಳೆದಾಗ ನಾಲ್ಕನೆಯ ಎಳೆತಕ್ಕೆ ಎಳ್ಳುಕಾಳಿನ ಗಾತ್ರದ ಕಪ್ಪು ಚೂರು ಅಲಗಿಗೆ ಅಂಟಿ ಬಂತು. ಗಾಜ್ ಬಟ್ಟೆಯ ಮೇಲೆ ಒರೆಸಿ ರೋಗಿಗೂ ತೋರಿಸಿದೆ. ಆ ಚೂರು ಬಂದದ್ದು ನನಗೆ ಕಾಣುವ ಆಳದಿಂದ ಅಲ್ಲ. ಆದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗಿದ್ದು ಅಂಚಿನಲ್ಲಿ ಶುರುವಾಗುವ ತಗ್ಗನ್ನು ಲೂಪ್‌ನಲ್ಲಿ ಕಂಡದ್ದರಿಂದ.

ಮೊನ್ನೆ, ಎಂಟು ವಾರ ಕಳೆದು, ಅಳೆದೆ. ಪ್ರೀಮೋಲಾರ್ 4 ಮಿ.ಮೀ., ರಕ್ತವಿಲ್ಲ. ಮೋಲಾರ್‌ನ ಕವಲು 5 ಮಿ.ಮೀ.ನಲ್ಲೇ ನಿಂತಿದೆ, ರಕ್ತವೂ ಬಂತು. ಅದನ್ನು ವಸಡು ತೆರೆದೇ ನೋಡಬೇಕೆಂದು ರೋಗಿಗೆ ವಿವರಿಸಿ, ತಜ್ಞರ ಬಳಿಗೆ ಕಳಿಸುವ ಪತ್ರವನ್ನು ಎರಡೂ ಬಾರಿಯ ಅಳತೆಯ ಹಾಳೆಗಳೊಂದಿಗೆ ಕೊಟ್ಟಿದ್ದೇನೆ.

ಡೀಲರ್‌ಗೆ ಫೋನ್ ಮಾಡಿ, ನನ್ನ ಸ್ಟೂಲಿನ ಮೇಲೆ ನಾನು ಕುಳಿತಿರುವಾಗ ದೂರ ಅಳೆಯಲು ಟೇಪ್ ತೆಗೆದುಕೊಂಡು ಬನ್ನಿ ಎಂದು ಹೇಳಿದ್ದೇನೆ. ದೀಪವನ್ನು ಮೊದಲು ತೋರಿಸಿ ಎಂದೂ ಹೇಳಿದೆ.